ಎಕ್ಸ್‌ಪಿಡೈಟೆಡ್ ರಿವ್ಯೂಗೆ ಅರ್ಜಿ ಹಾಕುವುದು ಹೇಗೆ: ಕನಿಷ್ಠ ಅಪಾಯದ ಸಂಶೋಧನೆ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮನುಷ್ಯರ ಮೇಲೆ ಮಾಡುವ ಸಂಶೋಧನೆ ನೈತಿಕವಾಗಿ ಸರಿಯಿದೆಯಾ ಅಂತ ನೋಡುವ ಎಥಿಕ್ಸ್ ಕಮಿಟಿಗೆ ಬರುವ ಅರ್ಜಿಗಳನ್ನು ಓದುವುದು ನನ್ನ ಕೆಲಸದ ಒಂದು ಭಾಗ. ಬರುವುದರಲ್ಲಿ ಜಾಸ್ತಿ ಪಾಲು ಸರ್ವೆ, ಸಂದರ್ಶನ, ಹಳೆಯ ದಾಖಲೆಗಳ ಅಧ್ಯಯನ. ಹೊಸ ಔಷಧಿ ಇಲ್ಲ, ಇಂಜೆಕ್ಷನ್ ಇಲ್ಲ. ಬೇಗ ಮುಗಿಯಬೇಕಾದ ಅರ್ಜಿಗಳು ಇವು. ಆದರೂ ಎರಡು ಮೂರು ಸಲ ವಾಪಸ್ ಹೋಗಿ ಬರುತ್ತವೆ. ಹೆಚ್ಚಿನ ಸಲ ಕಾರಣ ಒಂದೇ: ಒಂದು ಕಾಗದ ಹೇಳಿದ್ದನ್ನು ಇನ್ನೊಂದು ಕಾಗದ ಹೇಳುವುದಿಲ್ಲ. ಪ್ರೊಟೊಕಾಲ್‌ನಲ್ಲಿ, ಅಂದರೆ ಅಧ್ಯಯನದ ಯೋಜನೆಯಲ್ಲಿ, ಸಂದರ್ಶನ 45 ನಿಮಿಷ, ಭಾಗವಹಿಸುವವರು ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ 20 ನಿಮಿಷ. ಮಾಹಿತಿ ಪತ್ರದಲ್ಲಿ 'ನಿಮ್ಮ ಹೆಸರು ಕೇಳುವುದಿಲ್ಲ' ಅಂತ ಇರುತ್ತದೆ, ಪ್ರಶ್ನಾವಳಿ ತೆಗೆದರೆ ಮೊದಲ ಸಾಲೇ 'ಹೆಸರು'. ಇದನ್ನು ಓದಿದ ಮೇಲೆ ಸಮಿತಿಯವರು ಸಹಿ ಹಾಕುವುದಾದರೂ ಹೇಗೆ?

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಬೇಗ ಒಪ್ಪಿಗೆ ಬೇಕಿದ್ದರೆ, ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಲು ಕೂರುವ ಮನುಷ್ಯನ ಜಾಗದಲ್ಲಿ ಕೂತು ಅರ್ಜಿ ಬರೆಯಿರಿ. ಆ ಮನುಷ್ಯನಿಗೆ ಏನೇನು ಆಗಬಹುದು ಎಂದು ನೀವು ಯೋಚಿಸಿದ್ದೀರಿ ಅನ್ನುವುದು ಕಾಗದದಲ್ಲಿ ಕಂಡರೆ, ಪರಿಶೀಲಿಸುವವರ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮೊದಲು, ಇದು ಏನು ಅಂತ ಸರಿಯಾಗಿ ತಿಳಿದುಕೊಳ್ಳಿ

ಅರ್ಜಿಗಳು ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಹೋಗುತ್ತವೆ. ಪರಿಶೀಲನೆಯಿಂದ ವಿನಾಯಿತಿ, ಎಕ್ಸ್‌ಪಿಡೈಟೆಡ್ ಅಂದರೆ ತ್ವರಿತ ಪರಿಶೀಲನೆ, ಮತ್ತು ಪೂರ್ಣ ಸಮಿತಿಯ ಪರಿಶೀಲನೆ. ಮನುಷ್ಯರ ಮೇಲಿನ ಸಂಶೋಧನೆಗೆ ಅಮೆರಿಕ ಮಾಡಿರುವ 'ಕಾಮನ್ ರೂಲ್' ನಿಯಮಗಳಲ್ಲೂ ಈ ವಿಂಗಡಣೆ ಇದೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ತಂದ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯಲ್ಲೂ ಇದೆ.

'ತ್ವರಿತ' ಅಂದ ಕೂಡಲೇ ಸುಮ್ನೆ ಒಂದು ಸಹಿ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಇಡೀ ಸಮಿತಿ ಸಭೆ ಸೇರುವವರೆಗೆ ಕಾಯದೆ, ಅಧ್ಯಕ್ಷರೋ ಗೊತ್ತುಮಾಡಿದ ಒಬ್ಬಿಬ್ಬರು ಅನುಭವಿ ಸದಸ್ಯರೋ ಓದಿ ತೀರ್ಮಾನ ಮಾಡುತ್ತಾರೆ. ಓದುವವರ ಸಂಖ್ಯೆ ಕಡಿಮೆ. ನೋಡುವ ಅಳತೆಗೋಲು ಮಾತ್ರ ಅದೇ. ಅಮೆರಿಕದ ನಿಯಮದಲ್ಲಿ ಇನ್ನೊಂದು ಒಳ್ಳೆಯ ಅಂಶ ಇದೆ: ತ್ವರಿತ ದಾರಿಯಲ್ಲಿ ಓದುವವರು ಒಪ್ಪಿಗೆ ಕೊಡಬಹುದು, ತಿದ್ದಿ ತನ್ನಿ ಅನ್ನಬಹುದು, ಆದರೆ ತಿರಸ್ಕರಿಸುವ ಅಧಿಕಾರ ಅವರಿಗಿಲ್ಲ. ತಿರಸ್ಕರಿಸಬೇಕು ಅನ್ನಿಸಿದರೆ ಅರ್ಜಿ ಪೂರ್ಣ ಸಮಿತಿಗೆ ಹೋಗಲೇಬೇಕು. ಹಾಗಾಗಿ 'ಪೂರ್ಣ ಸಮಿತಿಗೆ ಕಳಿಸಿದ್ದೇವೆ' ಅಂತ ಪತ್ರ ಬಂದರೆ ಎದೆಗುಂದಬೇಡಿ. ಹೆಚ್ಚು ಜನ ಕೂತು ನೋಡಬೇಕಾದ ವಿಷಯ ಅದರಲ್ಲಿ ಏನೋ ಇದೆ, ಅಷ್ಟೇ.

ಹೆಜ್ಜೆ 1: ಯಾವ ದಾರಿ ಅಂತ ನೀವೇ ತೀರ್ಮಾನ ಮಾಡಬೇಡಿ

ಪ್ರಕಟವಾದ ಲೇಖನಗಳನ್ನು ಒಟ್ಟುಗೂಡಿಸಿ ಮಾಡುವ ಅಧ್ಯಯನ, ಎಲ್ಲರಿಗೂ ಸಿಗುವ ಸಾರ್ವಜನಿಕ ಅಂಕಿಅಂಶ, ಯಾರದು ಅಂತ ಗೊತ್ತೇ ಆಗದ ದತ್ತಾಂಶ, ಇಂಥವು ವಿನಾಯಿತಿಗೆ ಬರಬಹುದು. ಆದರೆ 'ನನ್ನದಕ್ಕೆ ವಿನಾಯಿತಿ ಇದೆ' ಅಂತ ಸಂಶೋಧಕರೇ ಹೇಳಿಕೊಂಡರೆ ನಡೆಯುವುದಿಲ್ಲ. ಸಮಿತಿಗೆ ಬರೆದು, ಅವರಿಂದ ಪತ್ರ ತೆಗೆದುಕೊಂಡು ಇಟ್ಟುಕೊಳ್ಳಿ. ಮುಂದೆ ಜರ್ನಲ್‌ನವರು ಕೇಳುವುದು ಆ ಪತ್ರವನ್ನೇ.

ಒಪ್ಪಿಗೆ ಬರುವ ಮೊದಲು ಒಬ್ಬರಿಂದಲೂ ಮಾಹಿತಿ ತೆಗೆದುಕೊಳ್ಳಬೇಡಿ. 'ಇದು ಪೈಲಟ್, ಬರೀ ಪ್ರಯೋಗ ತಾನೇ' ಅನ್ನುವುದೂ ಬೇಡ. ಒಬ್ಬ ವಿದ್ಯಾರ್ಥಿನಿ ಪ್ರಶ್ನಾವಳಿ ಸರಿಯಿದೆಯಾ ಅಂತ ನೋಡಲು ಮೊದಲೇ 30 ಜನರಿಂದ ಉತ್ತರ ತುಂಬಿಸಿಕೊಂಡಿದ್ದರು. ತುಂಬಾ ಶ್ರದ್ಧೆಯ ಹುಡುಗಿ, ಮೋಸದ ಯೋಚನೆ ಎಳ್ಳಷ್ಟೂ ಇರಲಿಲ್ಲ. ಆದರೂ ಆ 30 ಉತ್ತರಗಳನ್ನು ಪೂರ್ತಿ ಬದಿಗಿಡಬೇಕಾಯಿತು. ಆಗಿಹೋದ ಕೆಲಸಕ್ಕೆ ಹಿಂದಿನ ತಾರೀಕಿನ ಒಪ್ಪಿಗೆ ಕೊಡಲು ಬರುವುದಿಲ್ಲ. ಅಂದು ಅವರ ಮುಖ ನೋಡಿದಾಗಿನಿಂದ ಸಿಕ್ಕವರಿಗೆಲ್ಲ ಇದನ್ನು ಮೊದಲು ಹೇಳುತ್ತೇನೆ.

ಹೆಜ್ಜೆ 2: ಅಪಾಯವನ್ನು ಅಳೆಯಿರಿ

ಇಲ್ಲಿ ಸಮಯ ಕೊಡಿ. ಉಳಿದ ಎಲ್ಲಾ ಕಾಗದಗಳೂ ಇದರ ಮೇಲೇ ನಿಲ್ಲುತ್ತವೆ.

ಕನಿಷ್ಠ ಅಪಾಯ ಅಂದರೆ ಸರಳವಾಗಿ ಹೀಗೆ: ದಿನನಿತ್ಯದ ಬದುಕಿನಲ್ಲಿ ಅಥವಾ ಮಾಮೂಲಿ ವೈದ್ಯಕೀಯ ತಪಾಸಣೆಯಲ್ಲಿ ಆಗಬಹುದಾದ ತೊಂದರೆಗಿಂತ ಹೆಚ್ಚಿನದು ಈ ಸಂಶೋಧನೆಯಿಂದ ಆಗುವುದಿಲ್ಲ. ಎರಡು ವಿಷಯ ಸೇರಿಸಿ ನೋಡಬೇಕು. ತೊಂದರೆ ಆಗುವ ಸಾಧ್ಯತೆ ಎಷ್ಟು, ಆದಾಗ ಅದು ಎಷ್ಟು ದೊಡ್ಡದು. ಸಾಧ್ಯತೆ ತೀರಾ ಕಡಿಮೆ ಇದ್ದರೂ, ಆದಾಗ ಒಬ್ಬರ ಕೆಲಸವೇ ಹೋಗುವಂಥದ್ದಾದರೆ ಅದನ್ನು ಕನಿಷ್ಠ ಅಪಾಯ ಅನ್ನಲು ಆಗುವುದಿಲ್ಲ.

ದೇಹಕ್ಕೆ ಸಂಬಂಧಿಸಿದ್ದನ್ನು ನಿಯಮಗಳು ಸಾಕಷ್ಟು ಬಿಡಿಸಿ ಹೇಳಿವೆ, ಆದರೆ ಎಲ್ಲಾ ಕಡೆ ಒಂದೇ ತರಹ ಇಲ್ಲ. ಯಾವುದಕ್ಕೆ ತ್ವರಿತ ಪರಿಶೀಲನೆ ಸಾಕು ಅಂತ ಹೇಳುವ ಅಮೆರಿಕದ 1998ರ ಪಟ್ಟಿಯಲ್ಲಿ ಬೆರಳಿನಿಂದಲೋ ರಕ್ತನಾಳದಿಂದಲೋ ರಕ್ತ ತೆಗೆಯುವುದೂ ಇದೆ. ಮಿತಿ ಇದೆ: ಆರೋಗ್ಯವಾಗಿರುವ, ಗರ್ಭಿಣಿಯಲ್ಲದ, ಕನಿಷ್ಠ 110 ಪೌಂಡ್, ಅಂದರೆ ಸುಮಾರು 50 ಕಿಲೋ ತೂಕದ ವಯಸ್ಕರಲ್ಲಿ 8 ವಾರಕ್ಕೆ 550 ಮಿಲಿ ಮೀರಬಾರದು, ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ತೆಗೆಯಬಾರದು. ಉಳಿದವರಲ್ಲಿ 8 ವಾರಕ್ಕೆ 50 ಮಿಲಿ, ಅಥವಾ ತೂಕದ ಪ್ರತಿ ಕಿಲೋಗೆ 3 ಮಿಲಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಐಸಿಎಂಆರ್ ಆದರೆ ಸ್ವಲ್ಪ ರಕ್ತ ತೆಗೆಯುವುದನ್ನೂ ಕನಿಷ್ಠಕ್ಕಿಂತ ಒಂದು ಮೆಟ್ಟಿಲು ಮೇಲೆ ಇಟ್ಟಿದೆ. ಎಕ್ಸ್‌ರೇ ವಿಷಯ ಇದಕ್ಕೆ ಉಲ್ಟಾ. ಎದೆಯ ಎಕ್ಸ್‌ರೇಯನ್ನು ಐಸಿಎಂಆರ್ ಕನಿಷ್ಠ ಅಪಾಯದ ಉದಾಹರಣೆಯಾಗಿ ಕೊಡುತ್ತದೆ. ಅಮೆರಿಕದ ಪಟ್ಟಿ ಮಾಮೂಲಿ ತಪಾಸಣೆಗಳ ಗುಂಪಿನಿಂದ ಎಕ್ಸ್‌ರೇಯನ್ನು ಹೊರಗಿಡುತ್ತದೆ. ಹಾಗಾಗಿ ಬೇರೆ ಕಡೆಯ ಯಾರದೋ ಅರ್ಜಿ ನೋಡಿ ನಕಲು ಮಾಡಬೇಡಿ. ನಿಮ್ಮ ಸಮಿತಿ ಯಾವ ನಿಯಮ ಪಾಲಿಸುತ್ತದೆ ಅಂತ ಕೇಳಿ, ಅದನ್ನು ತೆರೆದು ಓದಿ.

ಮನಸ್ಸಿಗೆ ಆಗುವ ತೊಂದರೆ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ವಿದ್ಯಾರ್ಥಿಗಳ ಓದಿನ ಒತ್ತಡದ ಬಗ್ಗೆ ಆನ್‌ಲೈನ್ ಸರ್ವೆ. ಹೆಸರಿಲ್ಲ, ಇಮೇಲ್ ಇಲ್ಲ, ಹತ್ತು ನಿಮಿಷದ ಕೆಲಸ. ಅದರೊಳಗೆ ಖಿನ್ನತೆ ಅಳೆಯಲು ಪಿಎಚ್‌ಕ್ಯೂ-9 ಸೇರಿಸಿದ್ದಾರೆ. ಎಲ್ಲೆಲ್ಲೂ ಬಳಸುವ ಪ್ರಶ್ನಾವಳಿ ಅದು, ಒಂಬತ್ತೇ ಪ್ರಶ್ನೆ. ಆದರೆ ಒಂಬತ್ತನೆಯ ಪ್ರಶ್ನೆ ಕೇಳುವುದು, ಕಳೆದ ಎರಡು ವಾರದಲ್ಲಿ ಸತ್ತುಹೋದರೇ ವಾಸಿ ಅಂತಲೋ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಅಂತಲೋ ಅನ್ನಿಸಿದೆಯಾ ಅಂತ. ರಾತ್ರಿ ಹನ್ನೊಂದಕ್ಕೆ ಒಬ್ಬ ಹುಡುಗ 'ಹೆಚ್ಚುಕಡಿಮೆ ಪ್ರತಿದಿನ' ಅಂತ ಗುರುತು ಹಾಕಿ ಸಬ್ಮಿಟ್ ಒತ್ತಿದ ಅಂತ ಇಟ್ಟುಕೊಳ್ಳಿ. ಅವನ ಸ್ಕ್ರೀನ್ ಮೇಲೆ 'ಧನ್ಯವಾದಗಳು' ಅಂತ ಬರುತ್ತದೆ. ನಿಮ್ಮ ಹಾಳೆಯಲ್ಲಿ 3 ಅಂತ ಒಂದು ಅಂಕಿ ಸೇರುತ್ತದೆ. ಅವನು ಯಾರು ಅಂತ ನಿಮಗೆ ಗೊತ್ತಿಲ್ಲ. ಆ ಹಾಳೆಯನ್ನು ನೀವು ತೆರೆಯುವುದು ಮುಂದಿನ ತಿಂಗಳು.

ಇದನ್ನು ಸರಿಮಾಡಲು ದಾರಿಗಳಿವೆ. ಆ ಪ್ರಶ್ನೆ ನಿಮ್ಮ ಅಧ್ಯಯನಕ್ಕೆ ನಿಜಕ್ಕೂ ಬೇಕಾ ಕೇಳಿಕೊಳ್ಳಿ. ಬೇಡವಾದರೆ ಒಂಬತ್ತನೆಯ ಪ್ರಶ್ನೆ ಬಿಟ್ಟ ಪಿಎಚ್‌ಕ್ಯೂ-8 ಇದೆ, ಅದನ್ನು ಬಳಸಿ. ಬೇಕೇ ಬೇಕು ಅಂದರೆ ಉತ್ತರ ಕೊಟ್ಟವರನ್ನು ತಲುಪುವ ದಾರಿ ಇಟ್ಟುಕೊಳ್ಳಿ. ಉತ್ತರಗಳನ್ನು ಯಾರು ನೋಡುತ್ತಾರೆ, ಎಷ್ಟು ಗಂಟೆಯೊಳಗೆ ನೋಡುತ್ತಾರೆ, ಆಮೇಲೆ ಯಾರು ಮಾತನಾಡುತ್ತಾರೆ ಅಂತ ಬರೆಯಿರಿ. ಇಂಥ ಉತ್ತರ ಬಂದರೆ ನಾವು ನಿಮ್ಮನ್ನು ಸಂಪರ್ಕಿಸುತ್ತೇವೆ ಅನ್ನುವುದು ಒಪ್ಪಿಗೆ ಪತ್ರದಲ್ಲೂ ಇರಬೇಕು. ಎರಡರಲ್ಲಿ ಯಾವುದು ಮಾಡಿದರೂ, ಫಾರ್ಮ್‌ನ ಕೊನೆಯ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಸಹಾಯವಾಣಿಯ ನಂಬರ್ ಹಾಕಿ. ಆ ನಂಬರ್‌ಗೆ ನೀವೇ ಒಮ್ಮೆ ಫೋನ್ ಮಾಡಿ ನೋಡಿ. ಯಾರೂ ಎತ್ತದ ನಂಬರ್ ಕೊಟ್ಟು ಏನು ಪ್ರಯೋಜನ?

ಇನ್ನು ಗುರುತು ಬಯಲಾಗುವ ಅಪಾಯ. ಸರ್ವೆ, ಸಂದರ್ಶನಗಳಲ್ಲಿ ನಿಜವಾದ ಅಪಾಯ ಜಾಸ್ತಿ ಇರುವುದು ಇಲ್ಲೇ. ಒಂದು ಆಸ್ಪತ್ರೆಯ 40 ನರ್ಸ್‌ಗಳಿಗೆ 'ನಿಮ್ಮ ಮೇಲಧಿಕಾರಿ ಹೇಗೆ ನಡೆಸಿಕೊಳ್ಳುತ್ತಾರೆ' ಅಂತ ಕೇಳುತ್ತಿದ್ದೀರಿ. ಹೆಸರು ಕೇಳಿಲ್ಲ. ಆದರೆ ವಯಸ್ಸು, ಲಿಂಗ, ವಾರ್ಡ್, ಎಷ್ಟು ವರ್ಷದ ಅನುಭವ ಅಂತ ಕೇಳಿದ್ದೀರಿ. ಐಸಿಯುನಲ್ಲಿ 50 ದಾಟಿದ ಗಂಡಸು ನರ್ಸ್ ಎಷ್ಟು ಜನ ಇರಬಹುದು? ಒಬ್ಬರು. ಅವರು ಏನು ಬರೆದರು ಅಂತ ಅವರ ಮೇಲಧಿಕಾರಿ ಎರಡು ನಿಮಿಷದಲ್ಲಿ ಕಂಡುಹಿಡಿಯಬಹುದು. ಅಮೆರಿಕದ ಪಟ್ಟಿ ಈ ಬಗ್ಗೆ ನೇರವಾಗಿಯೇ ಹೇಳುತ್ತದೆ: ಗುರುತು ಗೊತ್ತಾದರೆ ಕೇಸ್ ಬೀಳುವ, ಕೆಲಸಕ್ಕೋ ಹಣಕ್ಕೋ ಮಾನಕ್ಕೋ ಧಕ್ಕೆ ಬರುವ ಸಂದರ್ಭ ಇದ್ದರೆ ತ್ವರಿತ ದಾರಿ ಇಲ್ಲ. ಆ ಅಪಾಯ ಕನಿಷ್ಠಕ್ಕೆ ಇಳಿಯುವಂತೆ ಸರಿಯಾದ ರಕ್ಷಣೆ ಮಾಡಿದ್ದರೆ ಮಾತ್ರ ಉಂಟು. ಆದ್ದರಿಂದ ವಯಸ್ಸನ್ನು ಹತ್ತು ವರ್ಷದ ಗುಂಪುಗಳಾಗಿ ಕೇಳಿ. ವಾರ್ಡ್ ಬೇಕಿಲ್ಲದಿದ್ದರೆ ಕೇಳಲೇಬೇಡಿ. ವಿಶ್ಲೇಷಣೆಯಲ್ಲಿ ಬಳಸದ ಪ್ರಶ್ನೆಯನ್ನು 'ಇರಲಿ ಬಿಡಿ' ಅಂತ ಉಳಿಸಿಕೊಳ್ಳುವುದು ಒಂದು ಕೆಟ್ಟ ಅಭ್ಯಾಸ.

ಮಕ್ಕಳು, ಜೈಲಿನಲ್ಲಿರುವವರು, ಸ್ವತಃ ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿರುವವರು ಇದ್ದರೆ ಅರ್ಜಿ ಪೂರ್ಣ ಸಮಿತಿಗೆ ಹೋಗುವ ಸಾಧ್ಯತೆ ಹೆಚ್ಚು. ಹಾಗೆಯೇ ನಿಮ್ಮ ಕೈಕೆಳಗಿನವರು. ಪಾಠ ಮಾಡುವ ಮೇಷ್ಟ್ರೇ ಬಂದು 'ಇಷ್ಟ ಇದ್ದರೆ ತುಂಬಿ' ಅಂದರೆ, ಇಂಟರ್ನಲ್ ಮಾರ್ಕ್ಸ್ ಕೊಡುವವರ ಮುಂದೆ ಯಾವ ವಿದ್ಯಾರ್ಥಿ ಬೇಡ ಅಂತಾನೆ? ಫಾರ್ಮ್ ಹಂಚುವ ಕೆಲಸ ಬೇರೆಯವರಿಗೆ ಕೊಡಿ. ಯಾರು ತುಂಬಿದರು, ಯಾರು ಬಿಟ್ಟರು ಅನ್ನುವುದು ನಿಮಗೆ ತಿಳಿಯಬಾರದು.

ಹೆಜ್ಜೆ 3: ಕಾಗದಗಳನ್ನು ಹೊಂದಿಸಿ

ಸಮಿತಿಯ ಅರ್ಜಿ ನಮೂನೆ, ಪ್ರೊಟೊಕಾಲ್, ಮಾಹಿತಿ ಪತ್ರ, ಒಪ್ಪಿಗೆ ಪತ್ರ, ಪ್ರಶ್ನಾವಳಿ ಅಥವಾ ಸಂದರ್ಶನದ ಪ್ರಶ್ನೆಗಳು, ಜನರನ್ನು ಕರೆಯಲು ಬಳಸುವ ಪೋಸ್ಟರ್ ಅಥವಾ ವಾಟ್ಸಾಪ್ ಮೆಸೇಜ್, ಮಾಹಿತಿ ಸಂಗ್ರಹಿಸುವ ಜಾಗದವರ ಅನುಮತಿ ಪತ್ರ, ಸಂಶೋಧಕರ ಸಿವಿ. ಇಷ್ಟು ಸಾಮಾನ್ಯವಾಗಿ ಬೇಕು. ವಾಟ್ಸಾಪ್ ಮೆಸೇಜ್ ಸೇರಿಸಲು ಎಲ್ಲರೂ ಮರೆಯುತ್ತಾರೆ. ಭಾಗವಹಿಸುವವರ ಕಣ್ಣಿಗೆ ಬೀಳುವ ಪ್ರತಿಯೊಂದು ಸಾಲೂ ಸಮಿತಿ ನೋಡಬೇಕಾದದ್ದೇ.

ಜೊತೆಗೆ ಒಂದು ಪುಟದ ಕವರಿಂಗ್ ಲೆಟರ್ ಬರೆಯಿರಿ. 'ಇದು ಕನಿಷ್ಠ ಅಪಾಯದ ಅಧ್ಯಯನವಾದ್ದರಿಂದ ತ್ವರಿತ ಪರಿಶೀಲನೆ ಮಾಡಬೇಕಾಗಿ ವಿನಂತಿ' ಅಂತ ಮಾತ್ರ ಬರೆದರೆ ಸಾಲದು. ಯಾಕೆ ಅಂತ ತೋರಿಸಿ. ಹೀಗೆ: 'ವಯಸ್ಕರನ್ನು ಮಾತ್ರ ಸೇರಿಸುತ್ತೇವೆ. 45 ನಿಮಿಷದ ಒಂದೇ ಸಂದರ್ಶನ. ಮುಖ್ಯ ಅಪಾಯ ಎರಡು: ಹಳೆಯದನ್ನು ನೆನೆದು ಬೇಸರವಾಗುವುದು, ಗುರುತು ಹೊರಬೀಳುವುದು. ಮೊದಲನೆಯದಕ್ಕೆ ಮಾಡಿಕೊಂಡ ವ್ಯವಸ್ಥೆ ಪ್ರೊಟೊಕಾಲ್ ಪುಟ 6ರಲ್ಲಿದೆ, ಎರಡನೆಯದಕ್ಕೆ ಪುಟ 8ರಲ್ಲಿ. ಮಾರ್ಗಸೂಚಿಯ ಯಾವ ವರ್ಗಕ್ಕೆ ಇದು ಸೇರುತ್ತದೆ ಅನ್ನುವುದನ್ನು ಪುಟ 2ರಲ್ಲಿ ಬರೆದಿದ್ದೇವೆ.' ಇಂಥ ಪತ್ರ ಕೈಗೆ ಬಂದರೆ ನನಗೆ ನಿಜವಾಗಿ ಖುಷಿಯಾಗುತ್ತದೆ.

ಎಲ್ಲಾ ಸಿದ್ಧವಾದ ಮೇಲೆ ಒಂದು ಸಂಜೆ ಬಿಡುವು ಮಾಡಿಕೊಂಡು ಕಾಗದಗಳನ್ನು ಮೇಜಿನ ಮೇಲೆ ಹರಡಿ. ಐದು ವಿಷಯ ಹಿಡಿದು ಎಲ್ಲದರಲ್ಲೂ ಹುಡುಕಿ: ಎಷ್ಟು ಜನ, ಎಷ್ಟು ಹೊತ್ತು, ಯಾವ ವಯಸ್ಸು, ರೆಕಾರ್ಡಿಂಗ್ ಇದೆಯಾ, ಮಾಹಿತಿ ಎಷ್ಟು ವರ್ಷ ಇಡುತ್ತೀರಿ. ಒಂದೊಂದು ಕಾಗದದಲ್ಲಿ ಒಂದೊಂದು ಉತ್ತರ ಇದ್ದರೆ ಈಗಲೇ ಸಿಕ್ಕಿಬೀಳುತ್ತದೆ. ಒಂದು ಗಂಟೆಯ ಕೆಲಸ, ವಾರಗಟ್ಟಲೆ ಉಳಿಸುತ್ತದೆ.

ಹೆಜ್ಜೆ 4: ಒಪ್ಪಿಗೆ ಪತ್ರ, ಓದುವವರ ಮಾತಿನಲ್ಲಿ

ನನ್ನ ಕೈಗೆ ಬರುವ ಒಪ್ಪಿಗೆ ಪತ್ರಗಳು ಸಾಮಾನ್ಯವಾಗಿ ಹೀಗಿರುತ್ತವೆ:

'ಪ್ರಸ್ತುತ ಅಧ್ಯಯನದಲ್ಲಿ ತಮ್ಮ ಸಹಭಾಗಿತ್ವವು ಸಂಪೂರ್ಣ ಸ್ವಯಂಪ್ರೇರಿತವಾಗಿದ್ದು, ಸಂಗ್ರಹಿಸಲಾದ ದತ್ತಾಂಶದ ಗೌಪ್ಯತೆಯನ್ನು ಕಾಯ್ದುಕೊಳ್ಳಲಾಗುವುದು ಹಾಗೂ ಯಾವುದೇ ಅಪಾಯವಿರುವುದಿಲ್ಲ.'

ಇದನ್ನು ಹೀಗೆ ಬರೆಯಬಹುದು ಅಲ್ವಾ?

'ಇದರಲ್ಲಿ ಸೇರುವುದು, ಬಿಡುವುದು ನಿಮ್ಮ ಇಷ್ಟ. ಬೇಡ ಅಂದರೂ ನಿಮಗೆ ಸಿಗುವ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ. ಮಾತುಕತೆ ಸುಮಾರು 45 ನಿಮಿಷ. ನಿಮಗೆ ಕಾಯಿಲೆ ಇದೆ ಎಂದು ಗೊತ್ತಾದ ದಿನಗಳ ಬಗ್ಗೆ ಕೇಳುತ್ತೇವೆ. ಅದನ್ನು ನೆನೆದರೆ ಕೆಲವರಿಗೆ ಬೇಸರ ಆಗಬಹುದು. ಯಾವ ಪ್ರಶ್ನೆ ಬೇಡವೋ ಅದನ್ನು ಬಿಟ್ಟು ಮುಂದೆ ಹೋಗೋಣ ಅನ್ನಬಹುದು. ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಬರೆದುಕೊಂಡು ಮುಗಿದ ಮೇಲೆ ರೆಕಾರ್ಡಿಂಗ್ ಅಳಿಸುತ್ತೇವೆ. ಬರೆದದ್ದರಲ್ಲಿ ನಿಮ್ಮ ಹೆಸರು ಇರುವುದಿಲ್ಲ.'

ಉದ್ದ ಜಾಸ್ತಿ ಆಯಿತು ನಿಜ. ಆದರೆ ಇದನ್ನು ಕೇಳಿದವರಿಗೆ ತಮಗೆ ಏನಾಗುತ್ತದೆ ಅಂತ ಗೊತ್ತಾಗುತ್ತದೆ. 'ಯಾವುದೇ ಅಪಾಯವಿಲ್ಲ' ಅನ್ನುವ ಸಾಲನ್ನು ಯಾವ ಒಪ್ಪಿಗೆ ಪತ್ರದಲ್ಲೂ ಬರೆಯಬೇಡಿ. ಕನಿಷ್ಠ ಅಪಾಯ ಬೇರೆ, ಅಪಾಯವೇ ಇಲ್ಲದಿರುವುದು ಬೇರೆ.

ಸರಳ ಮಾತು ಇದ್ದರಷ್ಟೇ ಸಾಲದು, ಅದು ನಿಜವೂ ಆಗಿರಬೇಕು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ನಡೆದ, ಸಿಫಿಲಿಸ್ ಎಂಬ ಲೈಂಗಿಕ ರೋಗದ ಅಧ್ಯಯನದಲ್ಲಿ ಸುಮಾರು 600 ಕಪ್ಪು ಜನಾಂಗದ ಗಂಡಸರು ಇದ್ದರು, ಅವರಲ್ಲಿ 399 ಜನರಿಗೆ ಕಾಯಿಲೆ ಇತ್ತು. ಅವರಿಗೆ ಹೇಳಿದ್ದು 'ಕೆಟ್ಟ ರಕ್ತ'ಕ್ಕೆ ಚಿಕಿತ್ಸೆ ಕೊಡುತ್ತಿದ್ದೇವೆ ಅಂತ. ಸರಳ ಮಾತೇ, ಎಲ್ಲರಿಗೂ ಅರ್ಥವಾಗುವ ಮಾತೇ. ಆ ಕಾಯಿಲೆ ವಾಸಿ ಮಾಡುವ ಪೆನಿಸಿಲಿನ್ ಬಂದ ಮೇಲೂ ಅವರಿಗೆ ಅದನ್ನು ಕೊಡಲಿಲ್ಲ. ಆ ಸುದ್ದಿ ಹೊರಬಂದ ಮೇಲೇ ಅಲ್ಲಿ 1974ರಲ್ಲಿ ಸಂಶೋಧನೆಯಲ್ಲಿ ಭಾಗವಹಿಸುವವರನ್ನು ಕಾಪಾಡುವ ಕಾನೂನು ಬಂತು, 1979ರಲ್ಲಿ ಅಂಥ ಸಂಶೋಧನೆಯ ನೈತಿಕ ತತ್ವಗಳನ್ನು ಹೇಳುವ ಬೆಲ್ಮಾಂಟ್ ವರದಿ ಬಂತು. ಇವತ್ತು ನೀವು ತುಂಬುತ್ತಿರುವ ಫಾರ್ಮ್‌ನ ಹಿಂದೆ ಆ ಜನರಿದ್ದಾರೆ.

ಇನ್ನೂ ಕೆಲವು ವಿಷಯ. ರೆಕಾರ್ಡಿಂಗ್‌ಗೆ ಬೇರೆಯದೇ ಒಪ್ಪಿಗೆ ಗುರುತು ಇರಲಿ, ಮಾತಿಗೆ ಒಪ್ಪಿ ರೆಕಾರ್ಡಿಂಗ್ ಬೇಡ ಅನ್ನುವವರು ಇರುತ್ತಾರೆ. ಹಿಂದೆ ಸರಿಯಬಹುದು ಅಂತ ಬರೆಯುವಾಗ ಯಾವ ಹಂತದವರೆಗೆ ಅನ್ನುವುದನ್ನೂ ಬರೆಯಿರಿ. ಹೆಸರಿಲ್ಲದ ಆನ್‌ಲೈನ್ ಫಾರ್ಮ್ ಸಬ್ಮಿಟ್ ಆದ ಮೇಲೆ ಯಾರ ಉತ್ತರ ಯಾವುದು ಅಂತ ನಿಮಗೇ ಗೊತ್ತಾಗದು, ತೆಗೆಯುವುದು ಎಲ್ಲಿಂದ ಬಂತು? ಸಹಿ ಹಾಕಿದ ಕಾಗದವೇ ಒಬ್ಬರ ಗುರುತು ಹೇಳುವ ಏಕೈಕ ದಾಖಲೆ ಆಗುವಂತಿದ್ದರೆ, ಸಹಿ ಇಲ್ಲದೆ ಬಾಯಿಮಾತಿನ ಅಥವಾ ಕ್ಲಿಕ್ ಮಾಡುವ ಒಪ್ಪಿಗೆಗೆ ಅನುಮತಿ ಕೇಳಿ. ಕಾರಣ ಬರೆದರೆ ಸಮಿತಿಗಳು ಒಪ್ಪುವುದುಂಟು.

ಅನುವಾದ ಮಾಡಿಸಿದ್ದರೆ, ಮೂಲ ನೋಡದ ಒಬ್ಬರಿಂದ ಅದನ್ನು ವಾಪಸ್ ಅನುವಾದ ಮಾಡಿಸಿ ಹೋಲಿಸಿ. ಆಮೇಲೆ ನಿಮ್ಮ ವಿಷಯದ ಗಂಧಗಾಳಿ ಇಲ್ಲದವರ ಮುಂದೆ ಗಟ್ಟಿಯಾಗಿ ಓದಿ, 'ಈಗ ನಿಮಗೆ ಏನು ಅರ್ಥ ಆಯಿತು, ನಿಮ್ಮ ಮಾತಿನಲ್ಲಿ ಹೇಳಿ' ಅನ್ನಿ. ಅವರು ತಡವರಿಸಿದ ಜಾಗವನ್ನೇ ತಿದ್ದಿ.

ಹೆಜ್ಜೆ 5: ಮಾಹಿತಿ ಎಲ್ಲಿ ಇರುತ್ತದೆ?

'ಪಾಸ್‌ವರ್ಡ್ ಇರುವ ಕಂಪ್ಯೂಟರ್‌ನಲ್ಲಿ ಇಡುತ್ತೇವೆ' ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಸಂದರ್ಶನ ರೆಕಾರ್ಡ್ ಆಗುವುದು ಫೋನ್‌ನಲ್ಲಿ. ಆ ಫೋನ್ ತನ್ನಷ್ಟಕ್ಕೆ ಕ್ಲೌಡ್‌ಗೆ ಬ್ಯಾಕಪ್ ಮಾಡುತ್ತಿರುತ್ತದೆ. ಮನೆಯ ಇನ್ನೊಬ್ಬರ ಟ್ಯಾಬ್‌ನಲ್ಲಿ ಅದೇ ಅಕೌಂಟ್ ತೆರೆದಿರುತ್ತದೆ. ಹಾಗಾಗಿ ಫೈಲ್ ಹುಟ್ಟಿದ ಕಡೆಯಿಂದ ಅಳಿಸುವವರೆಗೆ ಅದರ ದಾರಿಯನ್ನು ಬರೆಯಿರಿ: ಯಾವ ಸಾಧನದಲ್ಲಿ ರೆಕಾರ್ಡ್, ಬ್ಯಾಕಪ್ ಆಫ್ ಮಾಡಿದ್ದೀರಾ, ಯಾವಾಗ ಕಂಪ್ಯೂಟರ್‌ಗೆ ಹಾಕಿ ಫೋನ್‌ನಿಂದ ತೆಗೆಯುತ್ತೀರಿ, ಯಾರ ಕೈಗೆ ಸಿಗುತ್ತದೆ.

'ಅನಾಮಧೇಯ' ಅನ್ನುವ ಪದವನ್ನು ಎಚ್ಚರದಿಂದ ಬಳಸಿ. ಯಾರು ಅಂತ ನಿಮಗೂ ತಿಳಿಯಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಅದು ಅನಾಮಧೇಯ. ಹೆಸರಿನ ಬದಲು 'ಪಿ-07' ಅಂತ ಹಾಕಿ, ಪಿ-07 ಯಾರು ಅನ್ನುವ ಪಟ್ಟಿ ನಿಮ್ಮ ಬಳಿ ಇದ್ದರೆ ಅದು ಕೋಡ್ ಮಾಡಿದ ಮಾಹಿತಿ. ಆ ಪಟ್ಟಿ ಬೇರೆ ಜಾಗದಲ್ಲಿ ಇರಬೇಕು, ಅದನ್ನು ಅಳಿಸುವ ದಿನ ಗೊತ್ತಿರಬೇಕು. ಆನ್‌ಲೈನ್ ಫಾರ್ಮ್‌ನಲ್ಲಿ ಇಮೇಲ್ ಸಂಗ್ರಹಿಸುವ ಆಯ್ಕೆ ಆಫ್ ಆಗಿದೆಯಾ ಅಂತ ಬೇರೆಯವರ ಫೋನ್‌ನಿಂದ ತುಂಬಿ ಪರೀಕ್ಷಿಸಿ.

ಹೆಜ್ಜೆ 6: ಪ್ರಶ್ನೆಗಳು ವಾಪಸ್ ಬಂದಾಗ

ಬಂದೇ ಬರುತ್ತವೆ. ಸಮಿತಿಯ ಪ್ರತಿಯೊಂದು ಪ್ರಶ್ನೆಯನ್ನೂ ಹಾಗೇ ಬರೆದು, ಕೆಳಗೆ ನಿಮ್ಮ ಉತ್ತರ, ಯಾವ ಕಾಗದದ ಯಾವ ಪುಟದಲ್ಲಿ ಏನು ಬದಲಾಯಿತು ಅಂತ ಹಾಕಿ. ಬದಲಾದ ಸಾಲುಗಳಿಗೆ ಬಣ್ಣ ಹಚ್ಚಿದ ಒಂದು ಪ್ರತಿ, ಸ್ವಚ್ಛವಾದ ಒಂದು ಪ್ರತಿ ಕಳಿಸಿ. ಪ್ರತಿ ಕಾಗದದ ಕೆಳಗೆ ಆವೃತ್ತಿ ಸಂಖ್ಯೆ, ತಾರೀಕು ಇರಲಿ. ಒಂದು ಕಡೆ ತಿದ್ದಿದ್ದನ್ನು ಉಳಿದ ಕಾಗದಗಳಲ್ಲೂ ತಿದ್ದಲು ಮರೆಯಬೇಡಿ. ಎರಡನೇ ಸಲ ವಾಪಸ್ ಹೋಗುವುದು ಹೆಚ್ಚಾಗಿ ಇದಕ್ಕೇ.

ಸಮಿತಿ ಹೇಳಿದ ಒಂದು ಮಾತು ನಿಮಗೆ ಸರಿ ಕಾಣದಿದ್ದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ಕಾರಣ ಕೊಟ್ಟು, ಮರ್ಯಾದೆಯಿಂದ ಬರೆಯಿರಿ. ನಿಮ್ಮ ಕ್ಷೇತ್ರ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಂಥ ಪತ್ರ ಓದಿ ನಾನು ಅಭಿಪ್ರಾಯ ಬದಲಿಸಿಕೊಂಡದ್ದು ಒಂದೆರಡು ಸಲವಲ್ಲ.

ಹೆಜ್ಜೆ 7: ಒಪ್ಪಿಗೆ ಬಂದ ಮೇಲೆ

ಒಪ್ಪಿಗೆ ಸಿಕ್ಕಿದ ಆವೃತ್ತಿಯನ್ನೇ ಬಳಸಿ. ಪ್ರಿಂಟ್ ಹಾಕಿಸುವ ಮುಂಚೆ ತಾರೀಕು ನೋಡಿಕೊಳ್ಳಿ. ಮಧ್ಯದಲ್ಲಿ ಒಂದು ಪ್ರಶ್ನೆ ಸೇರಿಸಬೇಕು, ಇನ್ನೊಂದು ಜಾಗದಲ್ಲಿ ಮಾಹಿತಿ ತೆಗೆಯಬೇಕು ಅನ್ನಿಸಿದರೆ ಮೊದಲು ತಿದ್ದುಪಡಿ ಅರ್ಜಿ ಕೊಡಿ. ಸಣ್ಣ ಬದಲಾವಣೆಗಳಿಗೂ ತ್ವರಿತ ದಾರಿಯೇ ಇದೆ. ಸಂದರ್ಶನದ ನಡುವೆ ಯಾರಾದರೂ ತೀರಾ ಕುಸಿದರೆ, ಫೋನ್ ಕಳೆದುಹೋದರೆ, ತಪ್ಪು ಜನರಿಗೆ ಫೈಲ್ ಹೋದರೆ ಕೂಡಲೇ ಸಮಿತಿಗೆ ತಿಳಿಸಿ. ಮುಚ್ಚಿಟ್ಟರೆ ಭಾಗವಹಿಸಿದವರನ್ನು ಕಾಪಾಡುವ ಸಮಯ ಕೈತಪ್ಪುತ್ತದೆ.

ಪ್ರತಿ ವರ್ಷ ವರದಿ ಕೊಡಬೇಕಾ ಅನ್ನುವುದು ನಿಯಮದ ಮೇಲೆ ಹೋಗುತ್ತದೆ. ಅಮೆರಿಕದಲ್ಲಿ ಜನವರಿ 2019ರಿಂದ ಜಾರಿಯಾದ ನಿಯಮದಂತೆ ತ್ವರಿತ ದಾರಿಯ ಅಧ್ಯಯನಗಳಿಗೆ ಸಾಮಾನ್ಯವಾಗಿ ವಾರ್ಷಿಕ ಮರುಪರಿಶೀಲನೆ ಬೇಕಿಲ್ಲ, ಸಮಿತಿ ಕಾರಣ ಬರೆದು ಕೇಳಿದರೆ ಮಾತ್ರ. ಸಮಿತಿ ನಿಮಗೆ ಕೊಟ್ಟ ಒಪ್ಪಿಗೆಯ ಪತ್ರದಲ್ಲಿ ಏನಿದೆ ನೋಡಿ, ಅವಧಿ ಮುಗಿಯುವ ದಿನ ಇದ್ದರೆ ಅದಕ್ಕೆ ಎರಡು ತಿಂಗಳು ಮುಂಚೆಯೇ ಫೋನ್‌ನಲ್ಲಿ ರಿಮೈಂಡರ್ ಇಟ್ಟುಕೊಳ್ಳಿ.

ಅಧ್ಯಯನ ಮುಗಿದಾಗ ಮುಕ್ತಾಯ ವರದಿ ಕಳಿಸಿ. ಎಷ್ಟು ಜನ ಸೇರಿದರು, ಎಷ್ಟು ಜನ ಹಿಂದೆ ಸರಿದರು, ಏನಾದರೂ ತೊಂದರೆ ಆಯಿತಾ ಅಂತ ಒಂದೇ ಪುಟ ಸಾಕು. ಪಿ-07 ಯಾರು ಅನ್ನುವ ಆ ಪಟ್ಟಿಯನ್ನು, ಹೇಳಿದ್ದ ದಿನವೇ ಅಳಿಸಿ, ಅಳಿಸಿದ ತಾರೀಕನ್ನು ಫೈಲ್‌ನಲ್ಲಿ ಬರೆದಿಡಿ.